45 ಪಂದ್ಯ, ಒಂದು ಕಣ್ಣು, ಒಂದು ಗುಟ್ಟು: ವಿಲ್ಲಿ ಓರೀ ಕಥೆ

ಭಾಗ 1/10
ಆ ಶನಿವಾರ ರಾತ್ರಿ

1958ರ ಜನವರಿ 18, ಶನಿವಾರ ರಾತ್ರಿ. ಕೆನಡಾದ ಮಾಂಟ್ರಿಯಲ್ ನಗರದ ಫೋರಂ ಕ್ರೀಡಾಂಗಣ. ಅಮೆರಿಕದಿಂದ ಬಂದ ಬಾಸ್ಟನ್ ಬ್ರೂಯಿನ್ಸ್ ತಂಡ ಐಸ್ ಮೇಲೆ ಇಳೀತು. ಆ ತಂಡದಲ್ಲಿ 22 ವರ್ಷದ ಒಬ್ಬ ಹೊಸ ಹುಡುಗ ಇದ್ದ. ಹೆಸರು ವಿಲ್ಲಿ ಓರೀ.

ನ್ಯಾಷನಲ್ ಹಾಕಿ ಲೀಗ್, ಅಂದ್ರೆ ಎನ್‌ಎಚ್‌ಎಲ್ ಶುರುವಾಗಿದ್ದು 1917ರಲ್ಲಿ. ಅಲ್ಲಿಂದ ಆ ರಾತ್ರಿವರೆಗೆ 40 ವರ್ಷ. ಅಷ್ಟು ವರ್ಷದಲ್ಲಿ ಒಬ್ಬೇ ಒಬ್ಬ ಕಪ್ಪು ಆಟಗಾರನೂ ಆ ಲೀಗ್‌ನಲ್ಲಿ ಆಡಿರಲಿಲ್ಲ. ಓರೀ ಮೊದಲನೆಯವರು.

ಬ್ರೂಯಿನ್ಸ್ 3-0 ಅಂತರದಲ್ಲಿ ಗೆದ್ದಿತು. ಓರೀ ಗೋಲ್ ಏನೂ ಹೊಡೀಲಿಲ್ಲ. ತಾನು ಇತಿಹಾಸ ಮಾಡಿದೀನಿ ಅನ್ನೋದೇ ಆ ರಾತ್ರಿ ಅವರಿಗೆ ಗೊತ್ತಿರಲಿಲ್ಲವಂತೆ. ಮಾರನೇ ದಿನ ಪೇಪರ್ ಓದಿದಾಗಲೇ ಗೊತ್ತಾಗಿದ್ದು ಅಂತ ಅವರೇ ಮುಂದೆ ಎಷ್ಟೋ ಸಲ ಹೇಳಿದ್ದಾರೆ.

ಆದರೆ ಅವರಿಗೆ ಮಾತ್ರ ಗೊತ್ತಿದ್ದ ಇನ್ನೊಂದು ವಿಷಯ ಇತ್ತು. ತಂಡಕ್ಕೆ ಗೊತ್ತಿಲ್ಲ, ಕೋಚ್‌ಗೆ ಗೊತ್ತಿಲ್ಲ, ಲೀಗ್‌ಗಂತೂ ಗೊತ್ತೇ ಇಲ್ಲ. ವಿಲ್ಲಿ ಓರೀಗೆ ಬಲಗಣ್ಣು ಕಾಣಿಸ್ತಿರಲಿಲ್ಲ.

ಈ ಸರಣಿ ಹತ್ತು ಭಾಗ ಇದೆ. ಕೊನೆಗೆ ಒಂದು ಪ್ರಶ್ನೆಗೆ ಉತ್ತರ ಹುಡುಕೋಣ: ಒಬ್ಬ ಮೊದಲಿಗ ಒಳಗೆ ಹೋದ ಅಂದ್ರೆ ಬಾಗಿಲು ತೆರೀತು ಅಂತ ಅರ್ಥನಾ? ಯಾಕೆ ಕೇಳ್ತಿದೀನಿ ಅಂದ್ರೆ, ಎನ್‌ಎಚ್‌ಎಲ್‌ನಲ್ಲಿ ಎರಡನೇ ಕಪ್ಪು ಆಟಗಾರ ಬಂದಿದ್ದು 1974ರಲ್ಲಿ. 16 ವರ್ಷ ಆದ್ಮೇಲೆ.

ಭಾಗ 2/10
ಇದು ನಮ್ಮ ಹಾಕಿ ಅಲ್ಲ

ಹಾಕಿ ಅಂದ ತಕ್ಷಣ ನಮ್ಮ ತಲೆಗೆ ಬರೋದು ಕೊಡಗು, ಹುಲ್ಲು ಅಥವಾ ಟರ್ಫ್ ಮೈದಾನ, 11 ಜನ. ಕೆನಡಾದಲ್ಲಿ ಹಾಕಿ ಅಂದ್ರೆ ಐಸ್ ಹಾಕಿ. ಹಾಗಾಗಿ ಮೊದಲು ಆಟ ಹೇಗೆ ಅಂತ ಸ್ವಲ್ಪ ತಿಳ್ಕೊಳ್ಳೋಣ. ಇಲ್ಲದಿದ್ರೆ ಒಂದು ಕಣ್ಣಲ್ಲಿ ಆಡೋದು ಎಷ್ಟು ಕಷ್ಟ ಅಂತ ಗೊತ್ತಾಗಲ್ಲ.

ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರು ಜನ. 20 ನಿಮಿಷದ ಮೂರು ಅವಧಿ. ಕಾಲಿಗೆ ಸ್ಕೇಟ್, ಕೈಯಲ್ಲಿ ಉದ್ದ ಸ್ಟಿಕ್. ಚೆಂಡಿನ ಬದಲು ಪಕ್ ಅನ್ನೋ ಚಪ್ಪಟೆ ರಬ್ಬರ್ ಬಿಲ್ಲೆ. ದಪ್ಪ ಒಂದು ಇಂಚು, ಅಡ್ಡಳತೆ ಮೂರು ಇಂಚು, ತೂಕ ಸುಮಾರು 170 ಗ್ರಾಂ. ಗಟ್ಟಿಯಾಗಿ ಹೊಡೆದರೆ ಗಂಟೆಗೆ 150 ಕಿಲೋಮೀಟರ್ ವೇಗ ದಾಟುತ್ತೆ. ಎದುರಾಳಿಗೆ ಮೈ ಕೊಟ್ಟು ಗುದ್ದೋದು ಇಲ್ಲಿ ಫೌಲ್ ಅಲ್ಲ, ಆಟದ ಭಾಗ.

ಈಗ 1950ರ ದಶಕ ನೆನೆಸ್ಕೊಳ್ಳಿ. ಹೆಚ್ಚುಕಡಿಮೆ ಯಾರೂ ಹೆಲ್ಮೆಟ್ ಹಾಕ್ತಿರಲಿಲ್ಲ. ಗೋಲ್‌ಕೀಪರ್‌ಗಳೂ ಬರೀ ಮುಖದಲ್ಲೇ ನಿಲ್ಲೋರು. ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ಜಾಕ್ ಪ್ಲಾಂಟ್ 1959ರ ನವೆಂಬರ್ 1ರಂದು ಪಕ್ ಬಡಿದು ಮುಖ ಸೀಳಿದ ಮೇಲೆ ಮಾಸ್ಕ್ ಹಾಕ್ಕೊಂಡು ಬಂದರು. ಮಾಸ್ಕ್ ಆ ಲೀಗ್‌ನಲ್ಲಿ ಅಭ್ಯಾಸ ಆಗಿದ್ದು ಅಲ್ಲಿಂದ ಈಚೆಗೆ. ಉಳಿದವರಿಗೆ ಹೆಲ್ಮೆಟ್ ನಿಯಮ ಬಂದಿದ್ದು 1979ರಲ್ಲಿ, ಅದೂ ಹೊಸದಾಗಿ ಸೇರೋರಿಗೆ ಮಾತ್ರ.

ಇನ್ನೊಂದು ಮುಖ್ಯ ವಿಷಯ. 1942ರಿಂದ 1967ರವರೆಗೆ ಎನ್‌ಎಚ್‌ಎಲ್‌ನಲ್ಲಿ ಇದ್ದಿದ್ದು ಆರೇ ತಂಡ: ಮಾಂಟ್ರಿಯಲ್, ಟೊರಾಂಟೊ, ಬಾಸ್ಟನ್, ನ್ಯೂಯಾರ್ಕ್, ಶಿಕಾಗೊ, ಡೆಟ್ರಾಯಿಟ್. ಅಂದ್ರೆ ಇಡೀ ಲೀಗ್‌ನಲ್ಲಿ ಸುಮಾರು 120 ಕೆಲಸ. ಕೆನಡಾದಲ್ಲಿ ಸ್ಕೇಟ್ ಕಟ್ಟೋ ಪ್ರತಿ ಹುಡುಗನ ಕಣ್ಣೂ ಆ 120ರ ಮೇಲೆ. ಈ ಅಂಕಿ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3/10
ಫ್ರೆಡೆರಿಕ್ಟನ್‌ನ ಹುಡುಗ

ಕೆನಡಾದ ಪೂರ್ವ ಅಂಚಿನಲ್ಲಿ ನ್ಯೂ ಬ್ರನ್ಸ್‌ವಿಕ್ ಅನ್ನೋ ಪ್ರಾಂತ್ಯ. ಅದರ ರಾಜಧಾನಿ ಫ್ರೆಡೆರಿಕ್ಟನ್. 1935ರ ಅಕ್ಟೋಬರ್ 15ರಂದು ವಿಲ್ಲಿ ಹುಟ್ಟಿದ್ದು ಅಲ್ಲೇ. 13 ಮಕ್ಕಳಲ್ಲಿ ಕೊನೆಯವನು. ಇವರ ಪೂರ್ವಜರು ಅಮೆರಿಕದ ದಕ್ಷಿಣದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಉತ್ತರಕ್ಕೆ ಬಂದವರು. ಊರಲ್ಲಿ ಕಪ್ಪು ಕುಟುಂಬಗಳು ಬೆರಳೆಣಿಕೆಯಷ್ಟು.

ಮೂರು ವರ್ಷಕ್ಕೆ ಸ್ಕೇಟ್, ಐದು ವರ್ಷಕ್ಕೆ ತಂಡದಲ್ಲಿ ಆಟ. ಚಳಿಗಾಲದಲ್ಲಿ ಅಪ್ಪ ಹಿತ್ತಲಿಗೆ ನೀರು ಬಿಟ್ಟು ರಿಂಕ್ ಮಾಡಿಕೊಡೋರು. ಅಣ್ಣ ರಿಚರ್ಡ್ ಆಟ ಕಲಿಸಿದ. ಕಲಿಸಿದ ಅಂದ್ರೆ, ಬೇಕಂತಲೇ ಗುದ್ದಿ ಬೀಳಿಸೋನು, ಮತ್ತೆ ಏಳು ಅನ್ನೋನು. ಮುಂದೆ ಎಂಥವರ ಕೈಗೆ ಸಿಕ್ಕಿಕೊಳ್ತಾನೆ ಅಂತ ಅಣ್ಣನಿಗೆ ಅಂದಾಜು ಇತ್ತು ಅನ್ಸುತ್ತೆ.

ವಿಲ್ಲಿ ಬೇಸ್‌ಬಾಲ್‌ನಲ್ಲೂ ಗಟ್ಟಿಗ. 1949ರಲ್ಲಿ ಅವನ ಹುಡುಗರ ತಂಡ ಗೆದ್ದು ನ್ಯೂಯಾರ್ಕ್‌ಗೆ ಪ್ರವಾಸ ಹೋಯಿತು. ಬ್ರೂಕ್ಲಿನ್‌ನಲ್ಲಿ ಜ್ಯಾಕಿ ರಾಬಿನ್ಸನ್ ಭೇಟಿ ಆಯ್ತು. ರಾಬಿನ್ಸನ್ ಯಾರು ಗೊತ್ತಾ? 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಆಡಿ, ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್‌ಗಳಲ್ಲಿ ಆರು ದಶಕ ನಡೆದಿದ್ದ ಬಣ್ಣದ ಬೇಲಿಯನ್ನ ಮುರಿದವರು.

ಹುಡುಗ ಹೇಳಿದ, ನಾನು ಬೇಸ್‌ಬಾಲ್ ಆಡ್ತೀನಿ, ಆದರೆ ನನಗೆ ಇಷ್ಟ ಹಾಕಿ. ಕಪ್ಪು ಮಕ್ಕಳು ಹಾಕಿ ಆಡ್ತಾರಾ ಅಂತ ರಾಬಿನ್ಸನ್‌ಗೆ ಆಶ್ಚರ್ಯ. ಆಡ್ತೀವಿ ಅಂದ ವಿಲ್ಲಿ.

13 ವರ್ಷ ಆದ್ಮೇಲೆ, 1962ರಲ್ಲಿ, ಲಾಸ್ ಏಂಜಲೀಸ್‌ನ ಒಂದು ಸಮಾರಂಭದಲ್ಲಿ ಇಬ್ಬರೂ ಮತ್ತೆ ಎದುರಾದರು. ಬ್ರೂಕ್ಲಿನ್‌ನಲ್ಲಿ ನೋಡಿದ ಆ ಹುಡುಗ ನೀನೇ ಅಲ್ವಾ ಅಂತ ರಾಬಿನ್ಸನ್ ಗುರುತು ಹಿಡಿದರಂತೆ. ಅಷ್ಟು ಹೊತ್ತಿಗೆ ಓರೀಯನ್ನ ಎಲ್ಲರೂ ಹಾಕಿಯ ಜ್ಯಾಕಿ ರಾಬಿನ್ಸನ್ ಅಂತ ಕರೀತಿದ್ದರು. ಆ ಬಿರುದು ಎಷ್ಟು ಸರಿ, ಎಷ್ಟು ತಪ್ಪು ಅಂತ 9ನೇ ಭಾಗದಲ್ಲಿ ನೋಡೋಣ.

ಭಾಗ 4/10
ಮೊದಲಿಗನಿಗಿಂತ ಮುಂಚೆ ಇದ್ದವರು

ಮೊದಲ ಕಪ್ಪು ಆಟಗಾರ 1958ರಲ್ಲಿ ಬಂದರು ಅಂದ್ರೆ, ಅದಕ್ಕೂ ಮುಂಚೆ ಕಪ್ಪು ಜನ ಐಸ್ ಹಾಕಿ ಆಡ್ತಾನೇ ಇರಲಿಲ್ಲ ಅಂತ ಅಂದ್ಕೋಬೇಡಿ.

1895ರಲ್ಲೇ, ಅಂದ್ರೆ ಎನ್‌ಎಚ್‌ಎಲ್ ಹುಟ್ಟೋಕೆ 22 ವರ್ಷ ಮುಂಚೆ, ವಿಲ್ಲಿ ಊರಿನ ಪಕ್ಕದ ಪ್ರಾಂತ್ಯ ನೋವಾ ಸ್ಕೋಶಿಯಾದಲ್ಲಿ ಕಲರ್ಡ್ ಹಾಕಿ ಲೀಗ್ ಶುರುವಾಯ್ತು. ಶುರು ಮಾಡಿದ್ದು ಬ್ಯಾಪ್ಟಿಸ್ಟ್ ಚರ್ಚ್‌ನ ಕಪ್ಪು ಮುಖಂಡರು. ಯುವಕರನ್ನ ಚರ್ಚ್ ಕಡೆ ಸೆಳೆಯೋದು ಅವರ ಉದ್ದೇಶ. ಹ್ಯಾಲಿಫ್ಯಾಕ್ಸ್ ಯುರೇಕಾಸ್, ಆಫ್ರಿಕ್‌ವಿಲ್ ಸೀಸೈಡ್ಸ್, ಡಾರ್ಟ್‌ಮತ್ ಜುಬಿಲೀಸ್ ಅಂತೆಲ್ಲ ತಂಡಗಳಿದ್ದವು. ಮೊದಲ ಮಹಾಯುದ್ಧ ಆದ್ಮೇಲೆ ಲೀಗ್ ಸೊರಗಿ ಹೋಯ್ತು. ಕೆನಡಾ ಅಂಚೆ ಇಲಾಖೆ ಅದರ ನೆನಪಿಗೆ ಸ್ಟಾಂಪ್ ತಂದಿದ್ದು 2020ರಲ್ಲಿ.

ಆಮೇಲೆ ಹರ್ಬ್ ಕಾರ್ನೆಗಿ. ಟೊರಾಂಟೊದಲ್ಲಿ 1919ರಲ್ಲಿ ಹುಟ್ಟಿದವರು. ಕ್ವಿಬೆಕ್‌ನ ಲೀಗ್‌ಗಳಲ್ಲಿ ದೊಡ್ಡ ಹೆಸರು. 1948ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಕ್ಯಾಂಪಿಗೆ ಕರೆದರು, ಆದರೆ ಕೊಟ್ಟಿದ್ದು ಕೆಳಗಿನ ಲೀಗ್‌ನ ಒಪ್ಪಂದ. ಸಂಬಳ ಅವರು ಆಗಲೇ ಗಳಿಸುತ್ತಿದ್ದಕ್ಕಿಂತ ಕಮ್ಮಿ. ಹೆಂಡತಿ ಮಕ್ಕಳಿದ್ದ ಮನುಷ್ಯ, ಬೇಡ ಅಂದರು. ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಅದೇ 1948ರ ಮಾರ್ಚ್ 13. ಅದೇ ಮಾಂಟ್ರಿಯಲ್ ಫೋರಂ. ಚೀನೀ ಮೂಲದ ಕೆನಡಾ ಆಟಗಾರ ಲ್ಯಾರಿ ಕ್ವಾಂಗ್ ಅವರನ್ನ ರೇಂಜರ್ಸ್ ತಂಡ ಪಂದ್ಯದ ಕೊನೆಗೆ ಸುಮಾರು ಒಂದು ನಿಮಿಷ ಐಸ್ ಮೇಲೆ ಬಿಟ್ಟಿತು. ಅಷ್ಟೇ. ಅವರ ಎನ್‌ಎಚ್‌ಎಲ್ ಬದುಕು ಮುಗೀತು. 1953-54ರಲ್ಲಿ ಕ್ರೀ ಜನಾಂಗದ ಮೂಲನಿವಾಸಿ ಫ್ರೆಡ್ ಸಸಕಮೂಸ್ ಶಿಕಾಗೊ ಪರ ಆಡಿದರು. 11 ಪಂದ್ಯ.

ಒಂದು ನಿಮಿಷ. 11 ಪಂದ್ಯ. ಓರೀಗೆ ಸಿಕ್ಕಿದ್ದು 45. ಮೂವರಿಗೂ ದಾಖಲೆ ಪುಸ್ತಕದಲ್ಲಿ ಮೊದಲಿಗರ ಜಾಗ ಇದೆ. ಆದರೆ ಒಳಗೆ ಇರೋಕೆ ಎಷ್ಟು ಹೊತ್ತು ಬಿಟ್ಟರು ಅಂತಲೂ ನೋಡಬೇಕಲ್ವಾ?

ಭಾಗ 5/10
ಬಲಗಣ್ಣು

1955-56ರ ಸೀಸನ್. ವಿಲ್ಲಿಗೆ 20 ವರ್ಷ. ಒಂಟಾರಿಯೊ ಪ್ರಾಂತ್ಯದಲ್ಲಿ ಕಿಚನರ್ ಕನಕ್ಸ್ ಅನ್ನೋ ಜೂನಿಯರ್ ತಂಡಕ್ಕೆ ಆಡ್ತಿದ್ದ. ಒಂದು ಪಂದ್ಯದಲ್ಲಿ ಗೋಲ್ ಮುಂದೆ ನಿಂತಿದ್ದಾಗ ಬೇರೆ ಯಾರೋ ಹೊಡೆದ ಪಕ್ ದಾರಿ ತಪ್ಪಿ ಬಂದು ಮುಖಕ್ಕೆ ಬಡೀತು. ಮೂಗು ಮುರೀತು, ಕೆನ್ನೆಯ ಮೂಳೆ ಮುರೀತು. ಬಲಗಣ್ಣಿನ ರೆಟಿನಾ ಛಿದ್ರ ಆಯ್ತು. ಆ ಕಣ್ಣಿನ ದೃಷ್ಟಿ ಶೇಕಡಾ 95ಕ್ಕಿಂತ ಹೆಚ್ಚು ಹೋಯ್ತು.

ಇನ್ಮೇಲೆ ಹಾಕಿ ಆಡೋ ಹಾಗಿಲ್ಲ ಅಂತ ಡಾಕ್ಟರ್ ಹೇಳಿದರು. ಕೆಲವೇ ವಾರದಲ್ಲಿ ವಿಲ್ಲಿ ಮತ್ತೆ ಐಸ್ ಮೇಲೆ ಇದ್ದ.

ಒಂದು ಕಣ್ಣು ಪೂರ್ತಿ ಹೋದವರು ಆಡಬಾರದು ಅನ್ನೋ ನಿಯಮ ಎನ್‌ಎಚ್‌ಎಲ್‌ನಲ್ಲಿ ಇತ್ತು. ಇರೋ ಒಂದು ಕಣ್ಣೂ ಹೋದರೆ ಗತಿ ಏನು ಅನ್ನೋದು ಅದರ ಕಾರಣ. ನ್ಯಾಯವಾದ ಕಾರಣವೇ. ಆದರೆ ವಿಲ್ಲಿ ಬಾಯಿ ಬಿಡಲಿಲ್ಲ. ಮನೆಯಲ್ಲಿ ಒಬ್ಬ ಅಕ್ಕನಿಗೆ ಮಾತ್ರ ಹೇಳಿದ್ದ. ತಂಡಗಳು ಕಣ್ಣಿನ ಪರೀಕ್ಷೆ ಮಾಡಿಸಲಿಲ್ಲ, ಅವನು ಹೇಳಲಿಲ್ಲ.

ಈಗ ಸ್ವಲ್ಪ ಲೆಕ್ಕ ಹಾಕಿ. ವಿಲ್ಲಿ ಆಡ್ತಿದ್ದಿದ್ದು ಎಡ ವಿಂಗ್‌ನಲ್ಲಿ. ಎಡ ವಿಂಗ್ ಆಟಗಾರನ ಎಡಕ್ಕೆ ಇರೋದು ರಿಂಕಿನ ಗೋಡೆ. ಆಟವೆಲ್ಲ ನಡೆಯೋದು ಬಲಕ್ಕೆ. ಪಾಸ್ ಬರೋದು ಬಲದಿಂದ, ಗುದ್ದೋಕೆ ಬರೋ ಎದುರಾಳಿಯೂ ಹೆಚ್ಚಾಗಿ ಬಲದಿಂದ. ಆ ಕಡೆಯ ಕಣ್ಣೇ ಇಲ್ಲ. ಹಾಗಾಗಿ ಪ್ರತಿ ಸಲ ಪಕ್ ಎಲ್ಲಿದೆ ನೋಡೋಕೆ ಕತ್ತನ್ನ ಪೂರ್ತಿ ಬಲಕ್ಕೆ ತಿರುಗಿಸಬೇಕು, ಎಡಗಣ್ಣನ್ನ ಬಲ ಭುಜದ ಮೇಲೆ ತರಬೇಕು. ಅದೂ ಜೋರಾಗಿ ಸ್ಕೇಟ್ ಮಾಡ್ತಾ, ಹೆಲ್ಮೆಟ್ ಇಲ್ಲದೆ.

ವಿಲ್ಲಿ ಕಂಡುಕೊಂಡ ಉಪಾಯ ಒಂದೇ: ಕಾಣದೆ ಇರೋದರ ಬಗ್ಗೆ ತಲೆ ಕೆಡಿಸ್ಕೋಬಾರದು, ಕಾಣೋದನ್ನ ನೋಡಿ ಆಡಬೇಕು. ಜೊತೆಗೆ ಅವನ ಹತ್ತಿರ ಒಂದು ಆಸ್ತಿ ಇತ್ತು, ವೇಗ. ಸ್ಕೇಟ್ ಮೇಲೆ ಅವನನ್ನ ಹಿಡಿಯೋದು ಕಷ್ಟ ಆಗ್ತಿತ್ತು.

ಭಾಗ 6/10
ಬಸ್ಸಿನ ಹಿಂದಿನ ಸೀಟು

1956ರಲ್ಲಿ ಬೇಸ್‌ಬಾಲ್ ಕಡೆಯಿಂದಲೂ ಕರೆ ಬಂತು. ಮಿಲ್ವಾಕಿ ಬ್ರೇವ್ಸ್ ತಂಡದ ಕ್ಯಾಂಪ್, ಜಾರ್ಜಿಯಾ ರಾಜ್ಯದ ವೇಕ್ರಾಸ್ ಪಟ್ಟಣದಲ್ಲಿ. ಕಾನೂನೇ ಬಣ್ಣ ನೋಡಿ ಜನರನ್ನ ಬೇರೆ ಮಾಡ್ತಿದ್ದ ಅಮೆರಿಕದ ದಕ್ಷಿಣ ಅದು. ಅಟ್ಲಾಂಟಾದಲ್ಲಿ ವಿಮಾನ ಇಳಿದ ತಕ್ಷಣ ವಿಲ್ಲಿಗೆ ಕಂಡಿದ್ದು ಬಿಳಿಯರಿಗೆ ಬೇರೆ, ಕಪ್ಪು ಜನಕ್ಕೆ ಬೇರೆ ಅಂತ ಬೋರ್ಡ್ ಹಾಕಿದ್ದ ಶೌಚಾಲಯ.

ಕ್ಯಾಂಪಲ್ಲಿ ಆಯ್ಕೆ ಆಗಲಿಲ್ಲ. ವಾಪಸ್ ಊರಿಗೆ ಬಸ್ಸಲ್ಲಿ ಹಲವು ದಿನದ ದಾರಿ. ದಕ್ಷಿಣದಲ್ಲಿ ಹಿಂದಿನ ಸೀಟಲ್ಲೇ ಕೂರಬೇಕು. ಬಸ್ ಉತ್ತರಕ್ಕೆ ಹೋದ ಹಾಗೆ ವಿಲ್ಲಿ ಸ್ವಲ್ಪ ಸ್ವಲ್ಪ ಮುಂದಕ್ಕೆ ಬಂದು ಕೂತ. ಕೆನಡಾ ಹತ್ತಿರ ಬರೋ ಹೊತ್ತಿಗೆ ಮುಂದಿನ ಸೀಟಲ್ಲಿದ್ದ. ಆ ಪ್ರಯಾಣದಲ್ಲೇ ತೀರ್ಮಾನ ಮಾಡಿದ: ಬೇಸ್‌ಬಾಲ್ ಸಾಕು, ಹಾಕಿ ಒಂದೇ.

ಅದೇ ವರ್ಷ ಕ್ವಿಬೆಕ್ ಏಸಸ್ ಅನ್ನೋ ವೃತ್ತಿಪರ ತಂಡ ಸೇರಿದ. ಕೆಲವು ವರ್ಷ ಮುಂಚೆ ಹರ್ಬ್ ಕಾರ್ನೆಗಿ ಆಡಿದ್ದೂ ಅಲ್ಲೇ. 1958ರ ಜನವರಿಯಲ್ಲಿ ಬಾಸ್ಟನ್ ಬ್ರೂಯಿನ್ಸ್‌ನಲ್ಲಿ ಗಾಯದಿಂದ ಒಂದು ಜಾಗ ಖಾಲಿ ಬಿತ್ತು. ಓರೀಗೆ ಕರೆ ಬಂತು, ಮಾಂಟ್ರಿಯಲ್‌ಗೆ ಬಂದು ತಂಡ ಸೇರ್ಕೋ ಅಂತ. ಕೋಚ್ ಮಿಲ್ಟ್ ಶ್ಮಿಟ್.

ಮಾಂಟ್ರಿಯಲ್ ಅನ್ನೋದು ಕಾಕತಾಳೀಯ, ಆದರೆ ಒಳ್ಳೆ ಕಾಕತಾಳೀಯ. ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್‌ಗೆ ಹೋಗೋ ಮುಂಚೆ, 1946ರಲ್ಲಿ, ಒಂದು ಸೀಸನ್ ಆಡಿದ್ದು ಇದೇ ಊರಿನ ಮಾಂಟ್ರಿಯಲ್ ರಾಯಲ್ಸ್ ತಂಡಕ್ಕೆ. ಆ ಊರ ಜನ ಅವರನ್ನ ತಲೆ ಮೇಲೆ ಹೊತ್ತು ಮೆರೆಸಿದ್ದರು. ಏಸಸ್ ಪರ ಆಡ್ತಿದ್ದ ಓರೀ ಕೂಡ ಫೋರಂಗೆ ಹೊಸಬರೇನಲ್ಲ. ಹಾಗಾಗಿ ಆ ಶನಿವಾರ ರಾತ್ರಿ ಗಲಾಟೆ ಏನೂ ಆಗಲಿಲ್ಲ.

ಆ ಸೀಸನ್‌ನಲ್ಲಿ ಬಾಸ್ಟನ್ ಪರ ಎರಡೇ ಪಂದ್ಯ. ಆಮೇಲೆ ಮತ್ತೆ ಕೆಳಗಿನ ಲೀಗ್. ಇನ್ನೊಂದು ಅವಕಾಶಕ್ಕೆ ಎರಡೂವರೆ ವರ್ಷಕ್ಕೂ ಹೆಚ್ಚು ಕಾಯಬೇಕಾಯ್ತು.

ಭಾಗ 7/10
ಬಾಸ್ಟನ್‌ನ ಒಂದು ಚಳಿಗಾಲ

1960-61. ಈ ಸಲ 43 ಪಂದ್ಯ, 4 ಗೋಲ್, 10 ಅಸಿಸ್ಟ್. ಎನ್‌ಎಚ್‌ಎಲ್‌ನಲ್ಲಿ ಓರೀ ಅವರ ಗೋಲ್ ಲೆಕ್ಕ ಪೂರ್ತಿ ಇದೇ.

ಮೊದಲ ಗೋಲ್ ಬಂದಿದ್ದು 1961ರ ಹೊಸ ವರ್ಷದ ದಿನ, ಬಾಸ್ಟನ್ ಗಾರ್ಡನ್‌ನಲ್ಲಿ, ಮಾಂಟ್ರಿಯಲ್ ವಿರುದ್ಧ. ಬ್ರೂಯಿನ್ಸ್ 3-2ರಿಂದ ಗೆದ್ದ ಆ ಪಂದ್ಯದಲ್ಲಿ ಗೆಲುವಿನ ಗೋಲ್ ಅದೇ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎನ್‌ಎಚ್‌ಎಲ್‌ನಲ್ಲಿ ಕಪ್ಪು ಆಟಗಾರ ಹೊಡೆದ ಮೊದಲ ಗೋಲ್.

ಬಾಸ್ಟನ್ ಬಗ್ಗೆ ಒಂದು ವಿಷಯ ಗಮನಿಸಿ. ಅದೇ ಊರಿನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್, ಅಮೆರಿಕದ ದೊಡ್ಡ ಲೀಗ್‌ಗಳ 16 ತಂಡಗಳಲ್ಲೇ ಕಟ್ಟಕಡೆಗೆ ಕಪ್ಪು ಆಟಗಾರನನ್ನ ಇಳಿಸಿದ ತಂಡ. 1959ರ ಜುಲೈನಲ್ಲಿ, ಪಂಪ್ಸಿ ಗ್ರೀನ್. ಅಂದ್ರೆ ಕಪ್ಪು ಆಟಗಾರರೇ ಅಪರೂಪ ಆಗಿದ್ದ ಐಸ್ ಹಾಕಿ, ಆ ಊರಲ್ಲಿ ಬೇಸ್‌ಬಾಲ್‌ಗಿಂತ ಒಂದೂವರೆ ವರ್ಷ ಮುಂದಿತ್ತು.

ಹೊರಗಿನ ಊರುಗಳಲ್ಲಿ ಕಥೆ ಬೇರೆ. ಟೊರಾಂಟೊ, ಮಾಂಟ್ರಿಯಲ್‌ಗಿಂತ ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್‌ನಲ್ಲಿ ಬೈಗುಳ ಹೆಚ್ಚು ಅಂತ ಓರೀ ಹೇಳ್ತಿದ್ದರು. ಗ್ಯಾಲರಿಯಿಂದ ವಸ್ತು ಎಸೆಯೋರು, ಬಣ್ಣ ಹಿಡಿದು ಬೈಯೋರು. ಅವರ ತಂಡದವರು ಮಾತ್ರ ಜೊತೆಗೆ ನಿಂತರು.

ಶಿಕಾಗೊದಲ್ಲಿ ಒಂದು ರಾತ್ರಿ ಎದುರಾಳಿಯೊಬ್ಬ ಬಣ್ಣದ ಬೈಗುಳ ಬೈದು ಸ್ಟಿಕ್ ತುದಿಯಿಂದ ಬಾಯಿಗೆ ತಿವಿದ. ಮುಂದಿನ ಹಲ್ಲು ಹೋಯ್ತು, ಮೂಗು ಮುರೀತು. ಓರೀ ತಿರುಗಿ ಅವನ ತಲೆಗೆ ಸ್ಟಿಕ್ ಬೀಸಿದರು. ದೊಡ್ಡ ಜಗಳ. ಜನರ ಸಿಟ್ಟು ನೋಡಿ, ಹೊರಗೆ ಬಂದರೆ ಜೀವಕ್ಕೆ ಅಪಾಯ ಅಂತ ಅವರನ್ನ ಡ್ರೆಸಿಂಗ್ ರೂಮಲ್ಲೇ ಉಳಿಸಿದರು. ಆಟ ಬಿಡೋದಾದರೆ ಕೈಲಾಗದೆ ಬಿಡ್ತೀನಿ, ಯಾರೋ ಓಡಿಸಿದರು ಅಂತ ಮಾತ್ರ ಬಿಡಲ್ಲ ಅಂತ ಆ ರೂಮಲ್ಲಿ ಕೂತು ನಿರ್ಧಾರ ಮಾಡಿದ್ದಾಗಿ ಅವರು ಹೇಳಿದ್ದಾರೆ.

ಭಾಗ 8/10
ಪಶ್ಚಿಮಕ್ಕೆ

1961ರ ಬೇಸಿಗೆ. ಬ್ರೂಯಿನ್ಸ್‌ನವರು, ಮುಂದಿನ ಸೀಸನ್‌ಗೆ ನೀನು ಇರ್ತೀಯ ಅಂತ ಹೇಳಿ ಕಳಿಸಿದ್ದರು. ಕೆಲವು ವಾರ ಆದ್ಮೇಲೆ ಸುದ್ದಿ ಬಂತು: ಅವರನ್ನ ಮಾಂಟ್ರಿಯಲ್ ತಂಡಕ್ಕೆ ಕೊಟ್ಟಾಗಿದೆ.

ಆಗ ಆಟಗಾರನ ಮೇಲೆ ಹಕ್ಕೆಲ್ಲ ತಂಡದ್ದೇ. ಎಲ್ಲಿಗೆ ಹೋಗಬೇಕು ಅಂತ ಆಟಗಾರ ಆರಿಸೋ ಹಾಗಿಲ್ಲ. ಮಾಂಟ್ರಿಯಲ್ ಅಂದ್ರೆ 1956ರಿಂದ 1960ರವರೆಗೆ ಸತತ ಐದು ಸಲ ಸ್ಟಾನ್ಲಿ ಕಪ್ ಗೆದ್ದ ತಂಡ. ಅಲ್ಲಿ ಜಾಗ ಎಲ್ಲಿಂದ ಬರಬೇಕು? ಅವರು ಓರೀಯನ್ನ ಕೆಳಗಿನ ತಂಡಕ್ಕೆ ಹಾಕಿದರು, ಅಲ್ಲಿಂದ ಅದೇ ವರ್ಷ ಲಾಸ್ ಏಂಜಲೀಸ್ ಬ್ಲೇಡ್ಸ್ ತಂಡಕ್ಕೆ. ಅದು ವೆಸ್ಟರ್ನ್ ಹಾಕಿ ಲೀಗ್, ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗೆ.

ಅಲ್ಲಿ ಒಂದು ಸಣ್ಣ ಬದಲಾವಣೆ ಆಯ್ತು. ತಂಡದಲ್ಲಿ ಎಡ ವಿಂಗ್ ಆಟಗಾರರು ಜಾಸ್ತಿ ಇದ್ದರು ಅಂತ ಕೋಚ್ ಆಲ್ಫ್ ಪೈಕ್ ಓರೀಯನ್ನ ಬಲ ವಿಂಗ್‌ಗೆ ಹಾಕಿದರು. ಕಣ್ಣಿನ ವಿಷಯ ಕೋಚ್‌ಗೆ ಗೊತ್ತಿಲ್ಲ. ಈಗ ಗೋಡೆ ಬಲಕ್ಕೆ, ಕಾಣದ ಕಣ್ಣಿನ ಕಡೆ. ಆಟವೆಲ್ಲ ಎಡಕ್ಕೆ, ಕಾಣೋ ಕಣ್ಣಿನ ಕಡೆ! ಕತ್ತು ತಿರುಗಿಸೋ ಕೆಲಸವೇ ಇಲ್ಲ. 1964-65ರಲ್ಲಿ ಅವರು ಹೊಡೆದಿದ್ದು 38 ಗೋಲ್.

ಕಣ್ಣಿನ ಗುಟ್ಟು ಬಿಟ್ಟುಕೊಟ್ಟಿದ್ದರೆ ಯಾರಾದರೂ ಈ ಬದಲಾವಣೆಯನ್ನ ಮೊದಲೇ ಮಾಡ್ತಿದ್ದರೇನೋ. ಆದರೆ ಗುಟ್ಟು ಬಿಟ್ಟುಕೊಟ್ಟಿದ್ದರೆ ಆಡೋಕೇ ಬಿಡ್ತಿರಲಿಲ್ಲ. ಬಾಸ್ಟನ್‌ನಲ್ಲಿ 43 ಪಂದ್ಯಕ್ಕೆ 4 ಗೋಲ್ ಅಂತ ಓದುವಾಗ ಇದನ್ನೂ ಸೇರಿಸಿ ಓದಬೇಕು.

1967ರಲ್ಲಿ ಎನ್‌ಎಚ್‌ಎಲ್ ಆರು ತಂಡದಿಂದ ಹನ್ನೆರಡಕ್ಕೆ ಬೆಳೀತು. ಹೊಸ ತಂಡಗಳಲ್ಲಿ ಒಂದು ಲಾಸ್ ಏಂಜಲೀಸ್ ಕಿಂಗ್ಸ್. ಓರೀ ಆರು ವರ್ಷದಿಂದ ಆಡ್ತಿದ್ದ ಊರಿಗೇ ಎನ್‌ಎಚ್‌ಎಲ್ ನಡ್ಕೊಂಡು ಬಂತು. ಬ್ಲೇಡ್ಸ್ ತಂಡ ಮುಚ್ಚಿತು. ಓರೀಗೆ ಕರೆ ಬರಲಿಲ್ಲ. ಅವರು ಸ್ಯಾನ್ ಡಿಯಾಗೊ ಗಲ್ಸ್ ತಂಡ ಸೇರಿದರು. 1968-69ರಲ್ಲಿ, 33ನೇ ವಯಸ್ಸಲ್ಲಿ, ಮತ್ತೆ 38 ಗೋಲ್. 1978-79ರವರೆಗೆ, 43 ವರ್ಷ ಆಗೋವರೆಗೂ ಆಡಿದರು. ವೃತ್ತಿಪರ ಆಟ ಎರಡು ದಶಕಕ್ಕೂ ಹೆಚ್ಚು. ಅದರಲ್ಲಿ ಎನ್‌ಎಚ್‌ಎಲ್ 45 ಪಂದ್ಯ.

ಭಾಗ 9/10
ಎರಡನೆಯವರು ಯಾಕೆ ಬರಲಿಲ್ಲ?

ಈಗ ಆ ಬಿರುದಿಗೆ ಬರೋಣ, ಹಾಕಿಯ ಜ್ಯಾಕಿ ರಾಬಿನ್ಸನ್.

ರಾಬಿನ್ಸನ್ ಬಂದ ಮೂರು ತಿಂಗಳೊಳಗೆ, 1947ರ ಜುಲೈನಲ್ಲೇ, ಕ್ಲೀವ್‌ಲ್ಯಾಂಡ್ ತಂಡ ಲ್ಯಾರಿ ಡೋಬಿಯನ್ನ ಇಳಿಸಿತು. 12 ವರ್ಷದಲ್ಲಿ 16 ತಂಡಗಳಲ್ಲೂ ಕಪ್ಪು ಆಟಗಾರರು ಆಡಿ ಆಗಿತ್ತು. ಹಾಕಿಯಲ್ಲಿ ಓರೀ ಕೊನೇ ಪಂದ್ಯ 1961ರಲ್ಲಿ. ಆಮೇಲೆ 13 ವರ್ಷ ಯಾರೂ ಇಲ್ಲ. 1974ರಲ್ಲಿ ಮೈಕ್ ಮಾರ್ಸನ್, ಅದೇ ಸೀಸನ್‌ನಲ್ಲಿ ಬಿಲ್ ರೈಲಿ, ಇಬ್ಬರೂ ವಾಷಿಂಗ್ಟನ್ ಕ್ಯಾಪಿಟಲ್ಸ್ ಪರ.

ಯಾಕೆ ಹೀಗೆ? ನನಗೆ ಕಾಣೋ ಕಾರಣ ಮೂರು.

ಒಂದು, ಬೇಸ್‌ಬಾಲ್‌ನಲ್ಲಿ ಕಪ್ಪು ಆಟಗಾರರದ್ದೇ ನೀಗ್ರೋ ಲೀಗ್‌ಗಳು ದಶಕಗಳಿಂದ ನಡೀತಿದ್ದವು. ಬೇಲಿ ಮುರಿದಾಗ ಆಚೆ ಪಳಗಿದ ಆಟಗಾರರು ಸಾಲಾಗಿ ನಿಂತಿದ್ದರು. ಹಾಕಿಯಲ್ಲಿ ಅಂಥ ಲೀಗ್ ಓರೀ ಬರೋ ಹೊತ್ತಿಗೆ ಉಳಿದಿರಲಿಲ್ಲ. ಕೆನಡಾದಲ್ಲಿ ಕಪ್ಪು ಜನಸಂಖ್ಯೆಯೂ ಕಮ್ಮಿ.

ಎರಡು, ಆ 120 ಕೆಲಸ. ಆರು ತಂಡ ಇದ್ದಾಗ ಪ್ರತಿ ಜಾಗಕ್ಕೂ ನೂರಾರು ಜನ. ಅಷ್ಟು ಇಕ್ಕಟ್ಟಲ್ಲಿ ಯಾರನ್ನ ಬೇಡ ಅಂದರೂ ಕಾರಣ ಕೊಡಬೇಕಾಗಿಲ್ಲ. ಮಾರ್ಸನ್ ಬಂದಾಗ ತಂಡಗಳು 18. ಕ್ಯಾಪಿಟಲ್ಸ್ ಆ ವರ್ಷವೇ ಹುಟ್ಟಿದ ತಂಡ. ಅಂದ್ರೆ ಎರಡನೆಯವರು ಒಳಗೆ ಬಂದಿದ್ದು ಮನೆ ದೊಡ್ಡದಾದ ಮೇಲೆ.

ಮೂರು, ಉದ್ದೇಶ. ಡಾಡ್ಜರ್ಸ್‌ನ ಬ್ರಾಂಚ್ ರಿಕಿ ಬೇಲಿ ಮುರೀಬೇಕು ಅಂತಲೇ ರಾಬಿನ್ಸನ್‌ರನ್ನ ಹುಡುಕಿ ತಂದರು, ಅವರ ಬೆನ್ನ ಹಿಂದೆ ಇನ್ನೂ ಕೆಲವರನ್ನ ತಂದರು. ಓರೀ ಬಂದಿದ್ದು ಯಾರದ್ದೋ ಗಾಯದ ಖಾಲಿ ಜಾಗಕ್ಕೆ. ಗಾಯ ವಾಸಿಯಾದ ಮೇಲೆ ಜಾಗವೂ ಹೋಯ್ತು.

ಬಾಗಿಲು ತೆರೆದ ಮೇಲೂ ಕಥೆ ಸುಲಭ ಇರಲಿಲ್ಲ. ಟೋನಿ ಮೆಕೆಗ್ನಿ ಅನ್ನೋ ಕಪ್ಪು ಆಟಗಾರನಿಗೆ 1978ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಬುಲ್ಸ್ ಒಪ್ಪಂದ ಕೊಟ್ಟಿತು. ಟಿಕೆಟ್ ರದ್ದು ಮಾಡ್ತೀವಿ ಅಂತ ಅಭಿಮಾನಿಗಳು ಬೆದರಿಸಿದಾಗ ವಾಪಸ್ ತಗೊಂಡಿತು. ಮೆಕೆಗ್ನಿ ಎನ್‌ಎಚ್‌ಎಲ್‌ಗೆ ಬಂದು 1987-88ರಲ್ಲಿ 40 ಗೋಲ್ ಹೊಡೆದರು.

ಹಾಗಾಗಿ ಬಿರುದು ಅರ್ಧ ಸರಿ. ಧೈರ್ಯದಲ್ಲಿ ಇಬ್ಬರೂ ಒಂದೇ. ಆದರೆ ರಾಬಿನ್ಸನ್ ಹಿಂದೆ ಜನ ಬಂದರು. ಓರೀ ತಿರುಗಿ ನೋಡಿದಾಗ ಹಿಂದೆ ಯಾರೂ ಇರಲಿಲ್ಲ.

ಭಾಗ 10/10
ಅವರೇ ಹೋಗಿ ಕರ್ಕೊಂಡು ಬಂದರು

ಆಟ ನಿಲ್ಲಿಸಿದ ಮೇಲೆ ಓರೀ ಸ್ಯಾನ್ ಡಿಯಾಗೊದಲ್ಲೇ ಉಳಿದರು. ಬೇರೆ ಬೇರೆ ಕೆಲಸ ಮಾಡಿದರು. ಹೋಟೆಲ್ ಡೆಲ್ ಕೊರೊನಾಡೊ ಅನ್ನೋ ಹೆಸರಾಂತ ಹೋಟೆಲ್‌ನಲ್ಲಿ ಭದ್ರತಾ ಸಿಬ್ಬಂದಿಯಾಗಿದ್ದರು. ಅಲ್ಲಿ ಎದುರಾದವರಲ್ಲಿ ಎಷ್ಟು ಜನರಿಗೆ ಇವರು ಯಾರು ಅಂತ ಗೊತ್ತಿತ್ತೋ!

1998ರಲ್ಲಿ ಎನ್‌ಎಚ್‌ಎಲ್ ಅವರನ್ನ ಕರೀತು. ಹಾಕಿ ಆಡೋ ಅವಕಾಶವೇ ಸಿಗದ ಮಕ್ಕಳನ್ನ ಆಟಕ್ಕೆ ತರೋ ಕಾರ್ಯಕ್ರಮದ ಹೊಣೆ ಕೊಟ್ಟಿತು. ಐಸ್ ಹಾಕಿ ದುಬಾರಿ ಆಟ. ಸ್ಕೇಟ್, ಪ್ಯಾಡ್, ಸ್ಟಿಕ್, ರಿಂಕ್ ಬಾಡಿಗೆ, ಎಲ್ಲಕ್ಕೂ ದುಡ್ಡು. ಬಡ ಬಡಾವಣೆಯ ಮಗುವಿಗೆ ಬಣ್ಣದ ಬೇಲಿ ಹೋದರೂ ದುಡ್ಡಿನ ಬೇಲಿ ಹಾಗೇ ಇರುತ್ತೆ. ಓರೀ 60 ದಾಟಿದ ವಯಸ್ಸಲ್ಲಿ ಊರೂರು ಸುತ್ತಿದರು. ಶಾಲೆಗಳಿಗೆ ಹೋದರು, ರಿಂಕ್‌ಗಳಿಗೆ ಹೋದರು, ಮಕ್ಕಳ ಜೊತೆ ಮಾತಾಡಿದರು. ಇದು ಎರಡು ದಶಕ ನಡೀತು.

ಆಮೇಲೆ ಗೌರವಗಳು ಒಂದೊಂದಾಗಿ ಬಂದವು. 2008ರಲ್ಲಿ ಫ್ರೆಡೆರಿಕ್ಟನ್‌ನ ಹೊಸ ಕ್ರೀಡಾ ಸಂಕೀರ್ಣಕ್ಕೆ ಅವರ ಹೆಸರು. 2018ರ ನವೆಂಬರ್‌ನಲ್ಲಿ, 83ನೇ ವಯಸ್ಸಲ್ಲಿ, ಟೊರಾಂಟೊದ ಹಾಕಿ ಹಾಲ್ ಆಫ್ ಫೇಮ್. 2022ರ ಜನವರಿ 18ರಂದು, ಮೊದಲ ಪಂದ್ಯ ಆಡಿ ಸರಿಯಾಗಿ 64 ವರ್ಷಕ್ಕೆ, ಬ್ರೂಯಿನ್ಸ್ ಅವರ 22ನೇ ನಂಬರ್ ಜೆರ್ಸಿಯನ್ನ ಬಾಸ್ಟನ್‌ನ ಕ್ರೀಡಾಂಗಣದ ಚಾವಣಿಗೆ ಏರಿಸಿತು. ಇನ್ಮೇಲೆ ಆ ತಂಡದಲ್ಲಿ ಯಾರೂ ಆ ನಂಬರ್ ಹಾಕೋ ಹಾಗಿಲ್ಲ. ಅದೇ ತಿಂಗಳು ಅಮೆರಿಕದ ಕಾಂಗ್ರೆಸ್ಸಿನ ಚಿನ್ನದ ಪದಕ ಕೊಡೋ ಕಾನೂನಿಗೆ ಸಹಿ ಬಿತ್ತು.

ಇದರಲ್ಲಿ ಒಂದು ವಿವರ ತುಂಬ ಜನ ಗಮನಿಸಲ್ಲ. ಹಾಲ್ ಆಫ್ ಫೇಮ್‌ನಲ್ಲಿ ಆಟಗಾರರ ವಿಭಾಗ ಬೇರೆ, ಆಟ ಕಟ್ಟಿದವರ ವಿಭಾಗ ಬೇರೆ. ಓರೀಯನ್ನ ಸೇರಿಸಿದ್ದು ಎರಡನೇ ವಿಭಾಗಕ್ಕೆ. 45 ಪಂದ್ಯಕ್ಕೆ ಸಿಕ್ಕ ಜಾಗ ಅಲ್ಲ ಅದು, 1998ರಿಂದ ಮಾಡಿದ ಕೆಲಸಕ್ಕೆ ಸಿಕ್ಕಿದ್ದು. 4ನೇ ಭಾಗದ ಹರ್ಬ್ ಕಾರ್ನೆಗಿ ನೆನಪಿದ್ದಾರಲ್ವಾ? ಅವರನ್ನೂ 2022ರಲ್ಲಿ ಅದೇ ವಿಭಾಗಕ್ಕೆ ಸೇರಿಸಿದರು. ಅವರು ತೀರಿಕೊಂಡು ಆಗಲೇ ಹತ್ತು ವರ್ಷ ಆಗಿತ್ತು.

ಈಗ ಮೊದಲ ಭಾಗದ ಪ್ರಶ್ನೆಗೆ ಉತ್ತರ. ಇಲ್ಲ, ಮೊದಲಿಗ ಒಳಗೆ ಹೋದ ಮಾತ್ರಕ್ಕೆ ಬಾಗಿಲು ತೆರೆಯಲ್ಲ. ಜಾಗ ಹೆಚ್ಚಾಗಬೇಕು, ಹಿಂದೆ ಬರೋರನ್ನ ಯಾರಾದರೂ ತಯಾರು ಮಾಡಬೇಕು, ಖರ್ಚು ಯಾರಾದರೂ ಹೊರಬೇಕು. ಓರೀ ವಿಷಯದಲ್ಲಿ ಆ ಕೆಲಸಕ್ಕೆ ಲೀಗ್ ಕೈ ಹಾಕಿದ್ದು 40 ವರ್ಷ ತಡವಾಗಿ, ಅದೂ ಬಹುಪಾಲು ಅವರ ಕೈಯಿಂದಲೇ.

ನಿಮಗೆ ಒಂದು ಹೋಮ್‌ವರ್ಕ್. ನಿಮ್ಮ ಊರಲ್ಲಿ, ಕಾಲೇಜಲ್ಲಿ, ಮನೆಯಲ್ಲಿ ಮೊದಲಿಗರು ಅಂತ ಯಾರನ್ನ ಹೇಳ್ತಾರೆ? ಮೊದಲು ಡಿಗ್ರಿ ಓದಿದವರು, ಮೊದಲು ತಂಡಕ್ಕೆ ಆಯ್ಕೆ ಆದ ಹುಡುಗಿ, ಯಾರಾದರೂ ಸರಿ. ಅವರಾದ ಮೇಲೆ ಎರಡನೆಯವರು ಬರೋಕೆ ಎಷ್ಟು ವರ್ಷ ಬೇಕಾಯ್ತು ಅಂತ ಕೇಳಿ ನೋಡಿ. ಉತ್ತರ ಕಾಮೆಂಟ್‌ನಲ್ಲಿ ಬರೀರಿ, ನಾನು ಎಲ್ಲವನ್ನೂ ಓದ್ತೀನಿ.

#ವಿಲ್ಲಿಓರೀ #ಐಸ್‌ಹಾಕಿ #ಕ್ರೀಡಾಇತಿಹಾಸ #ಕನ್ನಡದಲ್ಲಿಇತಿಹಾಸ